ದ್ವೀಪ ಬಾಯಿ ಮುಚ್ಕೊಂಡ ದಿನ

ನಿಜ ಹೇಳಿ ನೋಡೋಣ, ನಿಮ್ಮ ಹೊಟ್ಟೇಲಿ ಒಂದು ಗುಟ್ಟು ಎಷ್ಟು ಹೊತ್ತು ನಿಲ್ಲುತ್ತೆ? ಒಂದು ವಾರ? ಒಂದು ದಿನ? ಇಲ್ಲಾ ಫೋನ್ ಕೈಗೆ ಸಿಗೋವರೆಗೆ ಮಾತ್ರಾನಾ? ನಗ್ಬೇಡಿ. ನಂದು ನಾನೇ ಹೇಳ್ಬಿಡ್ತೀನಿ. ಒಂದು ಗಂಟೆ ಹತ್ತು ನಿಮಿಷ. ಅದರಲ್ಲಿ ಅರ್ಧ ಗಂಟೆ ಟೈಪ್ ಮಾಡೋಕೇ ಹೋಯ್ತು.

ಇದನ್ನೂ ಫೋನಲ್ಲೇ ಟೈಪ್ ಮಾಡ್ತಿದೀನಿ. ಅಮೆರಿಕದ ನೋವೈ ಊರಲ್ಲಿ ಮಗಳ ಮನೆ, ಅಡುಗೆಮನೆ ಕಿಟಕಿ ಪಕ್ಕ ಕೂತಿದೀನಿ, ಬಲಗೈ ತೋರುಬೆರಳು ಒಂದೇ ಕೆಲಸ ಮಾಡ್ತಿದೆ, ಉಳಿದ ಒಂಬತ್ತು ಸುಮ್ನೆ ನೋಡ್ತಾ ಕೂತಿವೆ. ಎಪ್ಪತ್ತೆರಡನೇ ವಯಸ್ಸಲ್ಲಿ ಕಲಿತ ವಿದ್ಯೆ. ಕಲಿಸಿದ್ದು ಹೈಸ್ಕೂಲಲ್ಲಿರೋ ಮೊಮ್ಮಗಳು. ನಾನು ಕನ್ನಡದಲ್ಲಿ ಕೇಳ್ತೀನಿ, ಅವಳು ಇಂಗ್ಲಿಷಲ್ಲಿ ಹೇಳ್ತಾಳೆ. "ಅಜ್ಜಿ, ಜಸ್ಟ್ ಪ್ರೆಸ್ ಇಟ್, ಇಟ್ ವೋಂಟ್ ಬೈಟ್" ಅಂತ. ಪಾಪ, ಒಳ್ಳೆ ಮೇಷ್ಟ್ರು. ಮೆಸೇಜ್ ಪಕ್ಕ ಪುಟ್ಟ ಗಡಿಯಾರ ಇದ್ರೆ ಇನ್ನೂ ಹೋಗಿಲ್ಲ ಅಂತ. ಒಂದು ಟಿಕ್ ಬಂದ್ರೆ ಹೊರಟಿತು, ಎರಡು ಬಂದ್ರೆ ಸೇರ್ತು, ನೀಲಿ ಆದ್ರೆ ಓದಿದ್ರು ಅಂತ. ತಪ್ಪಾಗಿ ಏನಾದ್ರೂ ಬರೆದಿದ್ರೆ ಒತ್ತಿ ಹಿಡ್ಕೋಬೇಕು, ಕಸದ ಬುಟ್ಟಿ ಬರುತ್ತೆ, ಅದನ್ನ ಮುಟ್ಟಬೇಕು. ಇಷ್ಟನ್ನೂ ಕಲಿಸಿದ್ಲು. ಕಸದ ಬುಟ್ಟಿ ವಿಷಯ ಜ್ಞಾಪಕ ಇಟ್ಕೊಳ್ಳಿ.

ನನಗೆ ಒಬ್ಬಳು ತಂಗಿ. ನಾಲ್ಕು ವರ್ಷ ಚಿಕ್ಕವಳು. ಡೌನರ್ಸ್ ಗ್ರೋವ್‌ನಲ್ಲಿ ಅವಳ ಮಗಳ ಮನೇಲಿದಾಳೆ, ಶಿಕಾಗೋ ಹತ್ರ. ಇಬ್ಬರ ಮಧ್ಯೆ ಹತ್ತತ್ರ ಮುನ್ನೂರು ಮೈಲಿ, ಆದ್ರೆ ದಿನಾ ಬೆಳಿಗ್ಗೆ ಕಾಫಿ ಒಟ್ಟಿಗೇ ಕುಡೀತೀವಿ, ಫೋನ್ ಸ್ಪೀಕರ್‌ಗೆ ಹಾಕಿ. ಇಬ್ಬರ ಯಜಮಾನ್ರೂ ಹೋಗಿಬಿಟ್ರು. ಅವಳ ಯಜಮಾನ್ರು ಹೋಗಿ ಮೂರು ವರ್ಷ ಆಯ್ತು. ಕೊನೇ ಒಂಬತ್ತು ತಿಂಗಳು ಅವರು ಆಸ್ಪತ್ರೇಲೇ ಇದ್ರು. ಮೂಗಲ್ಲಿ ಟ್ಯೂಬು, ಕೈಯಲ್ಲಿ ಟ್ಯೂಬು, ಹೊಟ್ಟೇಲಿ ಟ್ಯೂಬು. ಇವಳು ಪಕ್ಕದ ಕುರ್ಚೀಲಿ ಒಂಬತ್ತು ತಿಂಗಳು. ಅದಾದ್ಮೇಲೆ ಆಸ್ಪತ್ರೆ ಇರೋ ರಸ್ತೆ ಬಂದ್ರೆ ಕಣ್ಣು ಮುಚ್ಕೊಂಡು ಕೂತ್ಕೊಳ್ತಿದ್ಲು, ಕಾರಲ್ಲಿ.

ಮಕ್ಕಳಿಲ್ದೆ, ಮೊಮ್ಮಕ್ಕಳಿಲ್ದೆ, ಯಾರ ಸ್ಟ್ರಾಲರೂ ತಳ್ಳದೆ ನಾವಿಬ್ಬರೇ ಒಂದ್ಸಲ ಎಲ್ಲಾದ್ರೂ ಹೋಗ್ಬೇಕು ಅಂತ ವರ್ಷಗಟ್ಟಲೆ ಮಾತಾಡ್ತಾನೇ ಇದ್ವಿ. ಕೊನೆಗೆ ಬಾಲಿಗೆ ಅಂತ ಆಯ್ತು. ದ್ವೀಪ, ಸಮುದ್ರ, ಬೆಂಕಿ ಬೆಟ್ಟ, ಗದ್ದೆ, ಹೆಜ್ಜೆಗೊಂದು ದೇವಸ್ಥಾನ. ಅದಕ್ಕಿಂತ ಹೆಚ್ಚಾಗಿ ಪಂಚಾಂಗ. ನಮ್ಮ ಯುಗಾದಿ ಆಸುಪಾಸಲ್ಲೇ ಅವರಿಗೂ ಹೊಸ ವರ್ಷ. ಎರಡೂ ಒಂದೇ ದಿನ ಬರೋ ವರ್ಷ ನೋಡಿ ನಾನೇ ತಾರೀಖು ಗೊತ್ತು ಮಾಡ್ದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೀಗಿದ್ದು ಅಷ್ಟಿಷ್ಟಲ್ಲ.

ಟಿಕೆಟ್ ಬುಕ್ ಮಾಡೋವಾಗ ತಂಗಿ ಮಗಳು ಫೋನ್ ಮಾಡಿದ್ಲು. "ದೊಡ್ಡಮ್ಮ, ಆ ದಿನ ಅಲ್ಲಿ ಎಲ್ಲಾ ಬಂದ್ ಅಂತೆ. ಏರ್‌ಪೋರ್ಟೂ ಬಂದ್. ದೀಪ ಹಚ್ಚೋ ಹಾಗಿಲ್ಲ, ಹೊರಗೆ ಕಾಲಿಡೋ ಹಾಗಿಲ್ಲ. ಡೇಟ್ ಚೇಂಜ್ ಮಾಡ್ಲಾ?"

"ಹೋಗೇ," ಅಂದೆ ನಾನು. "ಹಬ್ಬದ ದಿನ ಯಾವ ಊರಲ್ಲಾದ್ರೂ ಒಲೆ ಆರಿಸ್ತಾರೇನೇ? ಯಾರೋ ಬಿಳಿಯರು ಅರ್ಥವಾಗ್ದೆ ಬರೆದಿರ್ತಾರೆ."

ನಾನು ಮಾಡಿದ ಮೊದಲನೇ ತಪ್ಪು ಅದು. ಹಬ್ಬ ಅಂದ್ರೆ ಒಬ್ಬಟ್ಟು, ನೆಂಟರು, ಗಲಾಟೆ ಅನ್ಕೊಂಡಿರೋ ನಮ್ಮಂಥವರು ಮಾತ್ರ ಮಾಡೋ ತಪ್ಪು.

ಹೊರಡೋಕೆ ಮೂರು ವಾರ ಮುಂಚೆ ನಾನು ಡೌನರ್ಸ್ ಗ್ರೋವ್‌ಗೆ ಹೋದೆ. ಇಬ್ಬರೂ ಶಿಕಾಗೋದಲ್ಲಿ ನಮ್ಮೋರ ಅಂಗಡಿಗಳಿರೋ ಡೆವನ್ ಅವೆನ್ಯೂಗೆ ಹೋದ್ವಿ, ಹಬ್ಬಕ್ಕೆ ಸೀರೆ ತಗೊಳೋಕೆ. ಕೊರೆಯೋ ಚಳಿ, ಪಾರ್ಕಿಂಗ್ ಸಿಗೋದ್ರಲ್ಲೇ ಅರ್ಧ ಗಂಟೆ ಹೋಯ್ತು. ಸೀರೆ ಅಂಗಡಿ ಹಿಂದುಗಡೆ ಬ್ಲೌಸ್ ಹೊಲಿಯೋ ಹೆಂಗಸು ಒಬ್ಬಳಿದಾಳೆ, ತಂಗಿಗೆ ಹಳೇ ಪರಿಚಯ. ಟೇಪ್ ಹಿಡಿದು ಅಳತೆ ತಗೊಂಡ್ಲು. ಪುಸ್ತಕ ನೋಡಿದ್ಲು. ಮತ್ತೆ ಅಳತೆ ತಗೊಂಡ್ಲು.

"ಆಂಟಿ, ಹೋದ ವರ್ಷದ ಅಳತೆ ನಿಮ್ಮದೇನಾ?" ಅಂತ ಕೇಳಿದ್ಲು.

"ಡಯಟ್ ಮಾಡ್ತಿದೀನಮ್ಮ," ಅಂದ್ಲು ತಂಗಿ.

ಅವತ್ತು ಮಧ್ಯಾಹ್ನ ಅಲ್ಲೇ ಹೋಟೆಲಲ್ಲಿ ಇದೇ ಡಯಟ್‌ನವಳು ಮೈಸೂರ್ ಪಾಕ್ ಎರಡು ತಗೊಂಡು ಒಂದನ್ನ ಮುರಿದೂ ನೋಡ್ಲಿಲ್ಲ. ನಾನು ಎರಡೂ ತಿಂದೆ. ತಿನ್ನೋದ್ರಲ್ಲಿ ನನಗೆ ಬೇರೆ ಏನೂ ಕಾಣಿಸಲ್ಲ, ಅದು ನನ್ನ ದೌರ್ಬಲ್ಯ.

ಶಿಕಾಗೋದಿಂದ ಹೊರಟು ಎರಡು ವಿಮಾನ ಹತ್ತಿಳಿದು ಬಾಲಿ ಮುಟ್ಟಿದಾಗ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಸೆಕೆ. ನಾನು ಸೆರಗಿಂದ ಗಾಳಿ ಹಾಕ್ಕೊಳ್ತಿದೀನಿ, ಇವಳು ಕತ್ತಿಗೆ ಒಂದು ಸ್ಟೋಲು ಸುತ್ಕೊಂಡಿದಾಳೆ. "ತೆಗಿಯೇ, ನೋಡೋಕೇ ಸೆಕೆ ಆಗುತ್ತೆ" ಅಂದೆ. "ಏಸಿ ಆಗಲ್ಲ ನಂಗೆ" ಅಂದ್ಲು. ಏಸಿ ಇಲ್ಲದ ಕಡೆನೂ ತೆಗೀಲಿಲ್ಲ.

ನಮ್ಮ ಡ್ರೈವರ್ ಒಳ್ಳೆ ಹುಡುಗ, ಮದುವೆ ಆಗಿ ಎರಡು ಮಕ್ಕಳಿದಾವೆ ಅಂದ. ನಮ್ಮನ್ನ "ಇಬು" ಅಂತಿದ್ದ, ಅವರ ಭಾಷೇಲಿ ಅಮ್ಮ ಅಂತ. ಮೊದಲನೇ ದಿನ ಊರೊಳಗೇ ಸುತ್ತಾಡಿಸ್ದ. ಸ್ಕೂಟರ್‌ಗಳು ನೊಣದ ಹಾಗೆ. ಮೊಬೈಲ್ ಅಂಗಡಿಗೂ ಬಟ್ಟೆ ಅಂಗಡಿಗೂ ನಡುವೆ ಕಪ್ಪು ಕಲ್ಲಿನ ದೇವಸ್ಥಾನ ಸಿಕ್ಕಿಹಾಕ್ಕೊಂಡು ನಿಂತಿರುತ್ತೆ. ಫುಟ್‌ಪಾತ್ ತುಂಬ ಎಲೆ ದೊನ್ನೇಲಿ ಹೂವು, ಅನ್ನದ ಅಗಳು, ಊದುಬತ್ತಿ. ಮೇಲಿಟ್ಟಿದ್ದು ದೇವರಿಗೆ, ನೆಲದ ಮೇಲಿಟ್ಟಿದ್ದು ಕೆಟ್ಟ ಶಕ್ತಿಗಳಿಗೆ ಅಂದ ಡ್ರೈವರ್. "ಅವಕ್ಕೂ ಊಟ ಹಾಕ್ಬೇಕು ಇಬು. ಇಲ್ದಿದ್ರೆ ಮನೆ ಒಳಗೇ ಬಂದುಬಿಡ್ತವೆ." ನಾನು ನಕ್ಕೆ. ತಂಗಿ ನಗ್ಲಿಲ್ಲ. ಕಾಲ ಕೆಳಗಿನ ದೊನ್ನೆ ದಾಟಿ ಹೋಗೋವಾಗ ಸೀರೆ ಎತ್ತಿ ಹಿಡ್ಕೊಂಡ್ಲು, ನೀರು ದಾಟೋರ ಹಾಗೆ.

ಮಾರನೇ ದಿನ ಸಮುದ್ರದೊಳಗಿನ ಬಂಡೆ ಮೇಲಿನ ದೇವಸ್ಥಾನ. ನೀರು ಇಳಿದಾಗ ನಡ್ಕೊಂಡು ಹೋಗ್ಬಹುದು, ಏರಿದಾಗ ಬಂಡೆ ಒಂಟಿ. ನಾವು ಹೋಗಿ ಹತ್ತು ನಿಮಿಷಕ್ಕೇ ನೀರು ಏರೋಕೆ ಶುರುವಾಯ್ತು. ಕಾವಲಿನವರು ಸೀಟಿ ಊದ್ತಿದಾರೆ, ಎಲ್ಲರೂ ದಡಕ್ಕೆ ಓಡ್ತಿದಾರೆ. ಇವಳು ಮಾತ್ರ ಪಾದ ಮುಳುಗೋವರೆಗೂ ನಿಂತೇ ಇದ್ಲು. ಕೈ ಹಿಡಿದು ಎಳ್ಕೊಂಡು ಬಂದೆ. ಕೈ ಹಗುರಕ್ಕೆ ಬಂತು, ಒಳಗೆ ಮೂಳೆ ಮಾತ್ರ ಇದ್ದ ಹಾಗೆ.

ಮೂರನೇ ದಿನದ್ದು ನಾನು ಈಗ್ಲೂ ನೆನೆಸ್ಕೊಳ್ಳೋಕೆ ಹೆದರ್ತೀನಿ. ಬೆಟ್ಟದ ಬುಡದಲ್ಲಿ ಒಂದು ತೀರ್ಥದ ಕೊಳ. ಸಾಲಾಗಿ ಕಲ್ಲಿನ ಬಾಯಿಗಳು, ಒಂದೊಂದರಲ್ಲೂ ನೀರು ಬೀಳ್ತಿರುತ್ತೆ. ಜನ ಒಂದೊಂದಕ್ಕೂ ತಲೆಯೊಡ್ಡಿ ಮುಂದಕ್ಕೆ ಹೋಗ್ತಾರೆ. ಡ್ರೈವರ್ ಮೊದಲೇ ಹೇಳಿದ್ದ, "ಇಬು, ಕೊನೆ ಹತ್ರ ಎರಡು ಇದಾವೆ, ಅವನ್ನ ಬಿಟ್ಟು ಹೋಗಿ. ಅದು ತೀರಿಹೋದವರ ಕ್ರಿಯೆಗೆ. ಬದುಕಿರೋರು ಮುಟ್ಟಲ್ಲ." ನಾನು ಬಿಟ್ಟೆ. ಹಿಂದೆ ತಿರುಗಿ ನೋಡಿದ್ರೆ ತಂಗಿ ಅದರ ಕೆಳಗೇ ನಿಂತಿದಾಳೆ. ಕಣ್ಣು ಮುಚ್ಕೊಂಡು, ತಲೆ ಬಗ್ಗಿಸ್ಕೊಂಡು. ಪಕ್ಕದಲ್ಲಿದ್ದ ಹೆಂಗಸು ಬಾಯಿ ಮೇಲೆ ಕೈ ಇಟ್ಕೊಂಡ್ಲು. ಸುತ್ತ ಇದ್ದ ನಾಲ್ಕೈದು ಜನ ಹಿಂದಕ್ಕೆ ಸರಿದ್ರು.

"ಏ, ಅದಲ್ಲ ಕಣೇ! ಬಾ ಈಚೆ!" ಅಂತ ಕಿರುಚಿದೆ.

"ಗೊತ್ತಾಗ್ಲಿಲ್ಲ ಅಕ್ಕ," ಅಂದ್ಲು. ಸುಳ್ಳು. ಡ್ರೈವರ್ ಹೇಳೋವಾಗ ಅವನ ಪಕ್ಕದಲ್ಲೇ ನಿಂತು ಕೇಳಿಸ್ಕೊಂಡಿದ್ಲು.

ಅಲ್ಲಿಂದ ಮುಂದೆ ನನಗೆ ಬೆಟ್ಟಾನೂ ಸರಿಯಾಗಿ ಕಾಣಿಸ್ಲಿಲ್ಲ. ಬೆಂಕಿ ಬೆಟ್ಟ ಮೋಡದೊಳಗಿತ್ತು, ಕೆಳಗೆ ಕಪ್ಪಗೆ ಲಾವಾ ಹರಿದು ಹೆಪ್ಪುಗಟ್ಟಿದ ಜಾಗ, ಒಂದು ಹುಲ್ಲೂ ಇಲ್ಲ. ತಂಗಿ ಕಾರಿಂದ ಇಳೀಲೇ ಇಲ್ಲ.

ಹಬ್ಬದ ಹಿಂದಿನ ದಿನ ನಾವು ಗದ್ದೆಗಳ ನಡುವಿನ ಒಂದು ಹಳ್ಳೀಲಿದ್ವಿ. ಹೋಟೆಲಲ್ಲ, ಒಂದು ಮನೆ. ಅಂಗಳದ ಸುತ್ತ ಸಣ್ಣ ಸಣ್ಣ ಕೋಣೆ, ಒಂದು ಮೂಲೇಲಿ ಅವರ ಮನೆ ದೇವಸ್ಥಾನ. ಮನೆಯಾಕೆ ನಮ್ಮ ವಯಸ್ಸಿನವಳೇ, ಅರ್ಧಂಬರ್ಧ ಇಂಗ್ಲಿಷು ನನ್ನ ಹಾಗೇ. ಸಂಜೆ ಬೀದೀಲಿ ಭೂತಗಳ ಮೆರವಣಿಗೆ ಬಂತು. ಎರಡಾಳೆತ್ತರದ ಬೊಂಬೆಗಳು, ಹೊರಗೆ ಬಂದ ಕಣ್ಣು, ಕೋರೆ ಹಲ್ಲು, ಮೊಣಕಾಲವರೆಗೆ ಜೋತುಬಿದ್ದ ಎದೆ, ಮೊಳದುದ್ದ ಉಗುರು. ನನ್ನ ಅತ್ತೆ ಬೆಳಿಗ್ಗೆ ಕಾಫಿಗೆ ಮುಂಚೆ ಹೀಗೇ ಇರ್ತಿದ್ರು ಅಂದೆ. ಯಾರೂ ನಗ್ಲಿಲ್ಲ, ಅಲ್ಲಿ ಯಾರಿಗೂ ಕನ್ನಡ ಬರಲ್ಲ, ಬರೋಳು ಆ ಬೊಂಬೆಯನ್ನೇ ನೋಡ್ತಾ ನಿಂತಿದ್ಲು. ತಮಟೆ, ಪಟಾಕಿ, ಕೂಗಾಟ. ನಾಲ್ಕು ರಸ್ತೆ ಸೇರೋ ಕಡೆ ಬೊಂಬೆಗಳನ್ನ ಗಿರಗಿರ ತಿರುಗಿಸಿದ್ರು.

ಮನೆಯಾಕೆ ಹೇಳಿದ್ಲು, "ಇವತ್ತು ಗಲಾಟೆ ಮಾಡಿ ಎಲ್ಲಾ ಕೆಟ್ಟದನ್ನೂ ಎಬ್ಬಿಸ್ತೀವಿ. ನಾಳೆ ಬೆಳಿಗ್ಗೆ ಆರರಿಂದ ನಾಡಿದ್ದು ಬೆಳಿಗ್ಗೆ ಆರರವರೆಗೆ ದೀಪ ಇಲ್ಲ, ಒಲೆ ಇಲ್ಲ, ಮಾತಿಲ್ಲ, ಬೀದೀಲಿ ಯಾರೂ ಇಲ್ಲ. ಅವು ಮೇಲಿಂದ ನೋಡ್ತವೆ. ಇಲ್ಲಿ ಯಾರೂ ಇಲ್ಲ ಅಂತ ಹೊರಟು ಹೋಗ್ತವೆ."

"ಮೋಸ ಹೋಗ್ತವಾ?" ಅಂತ ಕೇಳಿದ್ಲು ತಂಗಿ. ಆ ಇಡೀ ಪ್ರವಾಸದಲ್ಲಿ ಅವಳು ಆಸೆಯಿಂದ ಕೇಳಿದ ಒಂದೇ ಪ್ರಶ್ನೆ ಅದು.

ನೋಡಿ, ಎಲ್ಲಾ ಬಂದ್ ಆದ್ರೂ ಯುಗಾದಿ ಯುಗಾದೀನೇ. ಎಣ್ಣೆ ಸ್ನಾನ ಬಿಡೋಕಾಗುತ್ತಾ? ನೋವೈಯಿಂದ ಎಳ್ಳೆಣ್ಣೆ ಬಾಟ್ಲಿ ತಂದಿದ್ದೆ, ಮೂರು ಜಿಪ್‌ಲಾಕ್ ಕವರ್ ಒಳಗೆ, ಅದರ ಮೇಲೆ ಹಳೇ ಟವಲು. ಒಣಗಿದ ಬೇವಿನ ಹೂವು, ಬೆಲ್ಲದ ಪುಡಿ. ಆರು ಗಂಟೆಗೆ ಮುಂಚೆ ಮುಗಿಸ್ಬೇಕು ಅಂತ ಐದಕ್ಕೇ ತಂಗೀನ ಎಬ್ಬಿಸ್ದೆ. ಬಿಸಿನೀರಿನ ಲೋಟದೊಳಗೆ ಎಣ್ಣೆ ಬಟ್ಟಲಿಟ್ಟು ಬೆಚ್ಚಗೆ ಮಾಡ್ದೆ. ಅವಳನ್ನ ಮಣೆ ಬದಲು ಮಡಿಸಿದ ಟವಲ್ ಮೇಲೆ ಕೂರಿಸ್ದೆ. ನಮ್ಮಮ್ಮ ಮಾಡ್ತಿದ್ದ ಹಾಗೆ ನೆಲದ ಮೇಲೆ ಏಳು ಹನಿ ಎಣ್ಣೆ ಇಟ್ಟೆ, ಸಾವಿಲ್ಲದ ಏಳು ಜನ ಚಿರಂಜೀವಿಗಳ ಹೆಸರಲ್ಲಿ. ಆ ಹನಿ ಮುಟ್ಟಿ ಅವಳ ನೆತ್ತಿಗಿಟ್ಟೆ, ನೂರು ವರ್ಷ ಬಾಳು ಅಂತ.

"ಸ್ಟೋಲ್ ತೆಗಿ."

"ಬರೀ ತಲೆಗೆ ಹಚ್ಚು ಸಾಕು."

"ಎಣ್ಣೆ ಸ್ನಾನಕ್ಕೆ ಯಾರಾದ್ರೂ ಸ್ಟೋಲ್ ಸುತ್ಕೊಂಡು ಕೂರ್ತಾರೇನೇ?" ಅಂತ ನಾನೇ ಎಳೆದೆ. ನೆತ್ತಿ ತಟ್ಟಿ, ಕಿವಿ ಹಿಂದೆ ತಿಕ್ಕಿ, ಕೈ ಕೆಳಗೆ ಇಳೀತು. ಎಡಗಡೆ, ಕತ್ತು ಭುಜ ಸೇರೋ ಕಡೆ, ಬೆರಳಿಗೆ ಏನೋ ಸಿಕ್ತು. ಬೆಟ್ಟದ ನೆಲ್ಲಿಕಾಯಷ್ಟು. ಗಟ್ಟಿ. ತಳ್ಳಿದ್ರೆ ಜರುಗಲ್ಲ. ಅದರ ಪಕ್ಕ ಇನ್ನೊಂದು ಸಣ್ಣದು.

ನನ್ನ ಕೈ ನಿಂತೇ ಹೋಯ್ತು.

"ಯಾವಾಗಿಂದ?"

"ದೀಪಾವಳಿ ಆದ್ಮೇಲಿಂದ."

"ಮಗಳಿಗೆ ಗೊತ್ತಾ?"

"ಇಲ್ಲ. ನಿಂಗೂ ಗೊತ್ತಿಲ್ಲ." ಅವಳು ತಿರುಗಿ ನನ್ನ ಎರಡೂ ಕೈ ಹಿಡಿದು ತನ್ನ ತಲೆ ಮೇಲೇ ಒತ್ತಿಟ್ಕೊಂಡ್ಲು. ಎಣ್ಣೆ ನನ್ನ ಮೊಣಕೈವರೆಗೂ ಹರೀತು. "ನನ್ನ ತಲೆ ಮೇಲೆ ಆಣೆ ಮಾಡು. ಯಾರಿಗೂ ಹೇಳಲ್ಲ ಅಂತ. ನಮ್ಮ ಯಜಮಾನ್ರನ್ನ ನೋಡಿದೀಯಲ್ಲ ನೀನು. ಒಂಬತ್ತು ತಿಂಗಳು. ಒಂದ್ಸಲ ಗೊತ್ತಾದ್ರೆ ಮುಗೀತು ಅಕ್ಕ, ಆಮೇಲೆ ನಾನು ಅಮ್ಮ ಅಲ್ಲ, ಅಜ್ಜಿ ಅಲ್ಲ, ಬರೀ ಪೇಷಂಟು. ನಂಗದು ಬೇಡ. ಆಣೆ ಮಾಡು."

ನಾನೇನು ಮಾಡ್ಲಿ? ಕೈ ತಲೆ ಮೇಲೇ ಇತ್ತು. "ಆಣೆ" ಅಂದೆ. ಹೊರಗೆ ಎಲ್ಲೋ ಮರದ ಗಂಟೆ ಬಡಿದ್ರು. ಆರು ಗಂಟೆ. ನೀರಿನ ಪಂಪು, ಫ್ಯಾನು, ದೂರದ ಸ್ಕೂಟರು, ಕೋಣೆಯ ಪುಟ್ಟ ದೀಪ, ಎಲ್ಲಾ ಒಂದೇ ಸಲ ನಿಂತುಹೋಯ್ತು.

ಅವಳು ಸ್ನಾನ ಮಾಡಿ, ಬೇವು ಬೆಲ್ಲ ಬಾಯಿಗೆ ಹಾಕ್ಕೊಂಡು, ಹೊಸ ಬ್ಲೌಸಿಗೆ ಎರಡು ಪಿನ್ನು ಚುಚ್ಕೊಂಡು ಮಲ್ಕೊಂಡ್ಲು. ಮೂರು ವಾರದ ಹಿಂದೆ ಅಳತೆ ತಗೊಂಡ ಬ್ಲೌಸು, ಆಗ್ಲೇ ಸಡಿಲ. ನಾನು ಜಗಲೀಲಿ ಕೂತು ಫೋನ್ ತೆಗೆದೆ. ಅವಳ ಮಗಳಿಗೆ ಒಂದೊಂದೇ ಅಕ್ಷರ ಒತ್ತಿದೆ. "ನಿಮ್ಮಮ್ಮನ ಕತ್ತಲ್ಲಿ ಗಂಟಿದೆ. ಎಡಗಡೆ. ಎರಡು. ಗಟ್ಟಿ. ದೀಪಾವಳಿಯಿಂದ ಇದೆ. ಹೇಳ್ಬೇಡ ಅಂತ ಆಣೆ ಹಾಕಿಸಿದಾಳೆ. ನಾನು ಹೇಳ್ದೆ ಅನ್ನಬೇಡ." ಕಳಿಸೋ ಬಾಣ ಒತ್ತಿದೆ. ಏಳು ಗಂಟೆ ಹತ್ತು ನಿಮಿಷ.

ಪಕ್ಕದಲ್ಲಿ ಪುಟ್ಟ ಗಡಿಯಾರ ಬಂತು. ಹೋಗ್ಲಿಲ್ಲ. ಆವತ್ತು ಅಲ್ಲಿ ನೆಟ್‌ವರ್ಕೂ ಬಂದ್. ನಾಳೆ ಆರು ಗಂಟೆಗೆ ಬರುತ್ತೆ, ಬಂದ ತಕ್ಷಣ ಇದು ತಾನಾಗೇ ಹೋಗುತ್ತೆ. ಅಂದ್ರೆ ನಾನು ಆಣೆ ಮುರಿದಿದೀನಿ, ಇನ್ನೂ ಮುರಿದೂ ಇಲ್ಲ. ಇಪ್ಪತ್ಮೂರು ಗಂಟೆ ನನ್ನ ಹತ್ರ ಇದೆ.

ತಲೆ ಮೇಲಿನ ಆಣೆ ಮುರಿದ್ರೆ ಆ ತಲೆಗೇ ಕೇಡು ಅಂತ ನಮ್ಮಮ್ಮ ಹೇಳ್ತಿದ್ರು. ಎಪ್ಪತ್ತೆರಡು ವರ್ಷಕ್ಕೆ ಇದನ್ನೆಲ್ಲ ನಂಬಲ್ಲ ಅಂತ ನೋವೈಲಿ ಅಡುಗೆಮನೇಲಿ ಕೂತು ಹೇಳೋದು ಸುಲಭ. ಅವತ್ತು ಆ ಜಗಲೀಲಿ ಕೂತು ಹೇಳಿ ನೋಡಿ. ಇಡೀ ದ್ವೀಪ ಉಸಿರು ಹಿಡ್ಕೊಂಡಿದೆ. ಒಂದು ವಿಮಾನ ಇಲ್ಲ, ಒಂದು ಹಾರ್ನ್ ಇಲ್ಲ. ಮರದಿಂದ ಬಿಳಿ ಹೂವು ಬಿದ್ರೆ ಟಪ್ ಅಂತ ಕೇಳಿಸುತ್ತೆ. ಗೇಟಿನಾಚೆ ಬೀದೀಲಿ ಕಪ್ಪು ಬಿಳಿ ಚೌಕುಳಿ ಪಂಚೆ ಉಟ್ಟ ಕಾವಲಿನವರು ಇಬ್ಬರು ಚಪ್ಪಲಿ ಸದ್ದೂ ಮಾಡ್ದೆ ಹೋಗ್ತಾರೆ, ಅರ್ಧ ಗಂಟೆ ಬಿಟ್ಟು ವಾಪಸ್ ಬರ್ತಾರೆ. ಅವರು ಹೋದ್ಮೇಲೆ ನಾಯಿ ಒಂದು ಬಂದು ಬೀದಿ ಮಧ್ಯೆ ನಿಂತು ನಮ್ಮ ಕೋಣೆ ಕಡೆ ನೋಡ್ತು. ಬೊಗಳಲೂ ಇಲ್ಲ. ನೋಡ್ತು ಅಷ್ಟೆ.

ಮಧ್ಯಾಹ್ನ ತಂಗಿಗೆ ಜ್ವರ ಬಂತು. ಹಲ್ಲು ಕಟಕಟ ಅಂತಿದೆ, ಮೈ ಸುಡ್ತಿದೆ. ನಾನು ಮನೆಯಾಕೆ ಹತ್ರ ಹೋಗಿ ಪಿಸುಗುಟ್ಟಿದೆ, "ಇವತ್ತು ಯಾರಿಗಾದ್ರೂ ಹುಷಾರು ತಪ್ಪಿದ್ರೆ?"

"ಕಾವಲಿನವರಿಗೆ ಹೇಳಿದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ. ಯಾರಿಗೆ?"

ತಿರುಗಿ ನೋಡಿದೆ. ಕೋಣೆ ಬಾಗಿಲಲ್ಲಿ ತಂಗಿ ನಿಂತಿದಾಳೆ, ಚೌಕಟ್ಟು ಹಿಡ್ಕೊಂಡು. ಅಲ್ಲಿಂದಲೇ ತಲೆ ಆಡಿಸಿದ್ಲು, ಬೇಡ ಅಂತ. ಆಮೇಲೆ ಒಂದು ಬೆರಳು ತನ್ನ ನೆತ್ತಿ ಮೇಲಿಟ್ಟು ತೋರಿಸಿದ್ಲು.

"ಯಾರಿಗೂ ಇಲ್ಲ. ಸುಮ್ನೆ ಕೇಳ್ದೆ," ಅಂದೆ.

ಒಂದು ಗಂಟೆ ಬಿಟ್ಟು ಜ್ವರ ಇಳೀತು. ಬೆವರು ಅಂದ್ರೆ ದಿಂಬು ಹಿಂಡಬಹುದು. "ದಿನಾ ಹೀಗೇನಾ?" ಅಂದೆ. "ವಾರದಲ್ಲಿ ಎರಡು ಮೂರು ಸಲ. ಅಭ್ಯಾಸ ಆಗಿದೆ" ಅಂದ್ಲು. ಬೆಳಿಗ್ಗೆ ನನ್ನ ಜೊತೆ ಸ್ಪೀಕರ್‌ನಲ್ಲಿ ಕಾಫಿ ಕುಡಿಯೋವಾಗೆಲ್ಲ ಇವಳು ಒದ್ದೆ ದಿಂಬಿನ ಕವರ್ ಬದಲಾಯಿಸಿ ಬಂದಿರ್ತಿದ್ಲು. ಮುನ್ನೂರು ಮೈಲಿ ದೂರದಲ್ಲಿ ನಾನು "ಏನು ತಿಂಡಿ ಇವತ್ತು?" ಅಂತಿದ್ದೆ.

ಸಂಜೆ ಆಯ್ತು. ಕತ್ತಲು ನಿಧಾನವಾಗಿ ಬರಲ್ಲ ಅಲ್ಲಿ, ಮುಚ್ಚಳ ಹಾಕಿದ ಹಾಗೆ ಬರುತ್ತೆ. ಒಂದು ದೀಪಾನೂ ಇಲ್ಲ. ತಂಗಿ ಮುಖ ಕಾಣಿಸಲ್ಲ, ಎಣ್ಣೆ ವಾಸನೆ ಮಾತ್ರ.

"ಅಕ್ಕ, ನಾನೂ ಇದನ್ನೇ ಮಾಡ್ತಿದ್ದೆ ನೋಡು. ದೀಪ ಆರಿಸಿ ಬಾಯಿ ಮುಚ್ಕೊಂಡು ಕೂತ್ರೆ ಅದು ಬಂದು, ನೋಡಿ, ಯಾರೂ ಇಲ್ಲ ಅಂತ ಹೋಗಿಬಿಡುತ್ತೆ ಅಂತ."

"ಹೋಯ್ತಾ?"

ಅವಳು ಮಗ್ಗುಲಾದ್ಲು, ಮಂಚ ಕಿರುಗುಟ್ತು. "ಆ ಎರಡು ನೀರಿನ ಕೆಳಗೆ ನಿಂತಿದ್ನಲ್ಲ," ಅಂದ್ಲು, "ತುಂಬ ತಣ್ಣಗಿತ್ತು. ಹೆದರಿಕೆ ಆಗ್ಲಿಲ್ಲ. ಅದಕ್ಕೇ ಹೆದರಿಕೆ ಆಯ್ತು."

ಅವಳು ಮಲಗಿದ್ಮೇಲೆ ಸೆರಗೊಳಗೆ ಫೋನ್ ಮುಚ್ಕೊಂಡು, ಬೆಳಕು ಹೊರಗೆ ಬೀಳದ ಹಾಗೆ, ಮೆಸೇಜ್ ನೋಡಿದೆ. ಗಡಿಯಾರ ಹಾಗೇ ಇತ್ತು. ಎಲ್ಲರಿಗೂ ನಾನು ಹೇಳಿರೋದು, ಅಳಿಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ ಅಂತ. ಮಗಳಿಗೆ, ಮೊಮ್ಮಗಳಿಗೆ, ತಂಗಿ ಮಗಳಿಗೆ, ನಮ್ಮ ದೇವಸ್ಥಾನದಲ್ಲಿ ಸಿಕ್ಕ ಆಂಟಿಗಳಿಗೆ ಎಲ್ಲಾ ಅದನ್ನೇ ಹೇಳಿದೀನಿ. "ಮುದುಕಿ, ಪಾಪ, ಈಗ ತಾನೆ ಕಲ್ತಿದೆ" ಅಂತ ನಂಬಿದ್ರು. ಇಲ್ಲಿ ನಿಜ ಬರೀತೀನಿ. ನನಗೆ ಗೊತ್ತಿತ್ತು. ಮೆಸೇಜ್ ಒತ್ತಿ ಹಿಡಿದೆ. ಕಸದ ಬುಟ್ಟಿ ಬಂತು. ಬೆರಳು ಅದರ ಮೇಲೇ ನಿಂತಿತ್ತು.

ಒಂದು ಕಡೆ ಅವಳ ತಲೆ, ಇನ್ನೊಂದು ಕಡೆ ಅವಳ ಕತ್ತು. ಎರಡರಲ್ಲಿ ಯಾವುದನ್ನ ಉಳಿಸ್ಲಿ?

ಬೆರಳು ತೆಗೆದೆ. ಫೋನ್ ತಲೆದಿಂಬಿನ ಕೆಳಗಿಟ್ಟು ಮಲಗಿದೆ. ನಿದ್ದೆ ಬಂತು ಅಂತ ಸುಳ್ಳು ಹೇಳಲ್ಲ.

ಆರು ಗಂಟೆ ಆಯ್ತು, ಮೊದಲು ಫ್ಯಾನ್ ತಿರುಗ್ತು. ಆಮೇಲೆ ಎಲ್ಲೋ ಒಂದು ಸ್ಕೂಟರ್. ಆಮೇಲೆ ನನ್ನ ಫೋನ್. ಗಡಿಯಾರ ಹೋಗಿ ಒಂದು ಟಿಕ್, ಎರಡು ಟಿಕ್. ಅಲ್ಲಿ ಇಲಿನಾಯ್‌ನಲ್ಲಿ ಹಿಂದಿನ ದಿನದ ಸಂಜೆ ಐದು, ತಂಗಿ ಮಗಳು ಆಫೀಸಿಂದ ಮನೆಗೆ ಬರೋ ಟ್ರೈನಲ್ಲಿರ್ತಾಳೆ. ನೀಲಿ ಆಯ್ತು. ನಾನು ಎಣಿಸ್ತಾ ಇದ್ದೆ. ಹನ್ನೊಂದು ಎಣಿಸೋಷ್ಟರಲ್ಲಿ ಪಕ್ಕದ ಮಂಚದಲ್ಲಿ ತಂಗಿ ಫೋನ್ ಹೊಡ್ಕೊಳ್ತು.

ಅವಳು ಫೋನ್ ಎತ್ತಲಿಲ್ಲ. ಎದ್ದು ಕೂತು ನನ್ನನ್ನೇ ನೋಡಿದ್ಲು. ಫೋನ್ ಹೊಡ್ಕೊಂಡು ಹೊಡ್ಕೊಂಡು ನಿಂತು ಮತ್ತೆ ಶುರುವಾಯ್ತು.

"ಅಕ್ಕ," ಅಂದ್ಲು, "ನಿಂಗೆ ಟೈಪ್ ಮಾಡೋದು ಕಲಿಸಿದ ಆ ನಿನ್ನ ಮೊಮ್ಮಗಳು ಅಳಿಸೋದು ಕಲಿಸಲಿಲ್ವಾ?"

"ಇಲ್ಲ," ಅಂದೆ.

ಆಮೇಲೆ ವಾಪಸ್ ಶಿಕಾಗೋ ತಲುಪೋವರೆಗೂ ನನ್ನ ಜೊತೆ ಒಂದು ಮಾತಾಡ್ಲಿಲ್ಲ. ಎರಡು ವಿಮಾನ. ಊಟದ ಟ್ರೇ ಬಂದ್ರೆ ನನ್ನ ಕಡೆ ತಳ್ಳೋಳು, ಅಷ್ಟೆ. ನಾನು ತಿನ್ತಿದ್ದೆ, ರುಚಿ ಮಾತ್ರ ಗೊತ್ತಾಗ್ತಿರ್ಲಿಲ್ಲ. ಏರ್‌ಪೋರ್ಟಲ್ಲಿ ಅವಳ ಮಗಳು ನಿಂತಿದ್ಲು, ಕಣ್ಣು ಊದ್ಕೊಂಡಿತ್ತು. ಮನೆಗಲ್ಲ, ನೇರ ಆಸ್ಪತ್ರೆಗೇ ಕರ್ಕೊಂಡು ಹೋದ್ಲು. ಆ ರಸ್ತೆ ಬಂದಾಗ ತಂಗಿ ಕಣ್ಣು ಮುಚ್ಕೊಂಡ್ಲು. ಹಿಂದಿನ ಸೀಟಿಂದ ನಾನು ನೋಡ್ತಿದ್ದೆ.

ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಿದ್ರು. ಕ್ಯಾನ್ಸರ್ರೇ. ಕತ್ತಲ್ಲಿ ಮಾತ್ರ ಅಲ್ಲ, ಎದೇಲೂ ಇತ್ತು. ಇಷ್ಟು ತಿಂಗಳು ಯಾಕೆ ಸುಮ್ನಿದ್ರಿ ಅಂತ ಡಾಕ್ಟ್ರು ಕೇಳಿದ್ರಂತೆ. ವಾಸಿ ಆಗುತ್ತೆ ಅಂತ ಅವರು ಹೇಳ್ಲಿಲ್ಲ, ಆಗಲ್ಲ ಅಂತಾನೂ ಹೇಳ್ಲಿಲ್ಲ. ನೋಡೋಣ ಅಂದ್ರು. ಆ "ನೋಡೋಣ" ಹಿಡ್ಕೊಂಡು ಬೇಸಿಗೆ ಪೂರ್ತಿ ನಾನು ನೋವೈಲಿ, ಅವಳು ಡೌನರ್ಸ್ ಗ್ರೋವ್‌ನಲ್ಲಿ. ಕೀಮೋ ಶುರುವಾಯ್ತು. ಬೆಳಗಿನ ಕಾಫಿ ಫೋನ್ ಬರೋದು ನಿಂತುಹೋಗಿತ್ತು. ನಾನು ಮಾತ್ರ ದಿನಾ ಅದೇ ಹೊತ್ತಿಗೆ ಫೋನ್ ಮುಂದಿಟ್ಕೊಂಡು ಕಾಫಿ ಕುಡೀತಿದ್ದೆ. "ಅಮ್ಮ ಮಲಗಿದಾಳೆ ದೊಡ್ಡಮ್ಮ" ಅಂತ ಮಗಳ ಮೆಸೇಜ್ ಬರೋದು. ಮಲಗಿದಾಳಾ, ನನ್ನ ಜೊತೆ ಮಾತು ಬೇಡ ಅಂತಾನಾ, ಕೇಳೋ ಧೈರ್ಯ ಇರ್ಲಿಲ್ಲ.

ಕೂದಲು ಉದುರಿದ್ದನ್ನ ತಂಗಿ ಮಗಳೇ ಹೇಳಿದ್ಲು. ತಂಗಿ ಕೂದಲು ನೀವು ನೋಡ್ಬೇಕಿತ್ತು, ಅರವತ್ತೆಂಟು ವರ್ಷಕ್ಕೂ ಹೆಬ್ಬೆರಳು ದಪ್ಪ ಜಡೆ. ಯುಗಾದಿ ದಿನ ರಾಶಿ ಎಣ್ಣೆ ಕುಡಿದ ಕೂದಲು. ನಾನು ಆಣೆ ಮುರಿದಿದ್ದಕ್ಕೇ ಹೀಗಾಯ್ತು ಅಂತ ನನಗನಿಸಿದ್ದನ್ನ ಯಾರಿಗೂ ಹೇಳ್ಲಿಲ್ಲ. ನೋಡಿದ್ರಾ, ಇದೊಂದು ಗುಟ್ಟು ಆರು ತಿಂಗಳು ನಿಂತಿತ್ತು.

ಈ ಸಲದ ದೀಪಾವಳಿಗೆ ಕರೀದೇ ಇದ್ರೂ ಹೋದೆ. ನನ್ನ ಮಗಳು ಡ್ರೈವ್ ಮಾಡಿದ್ಲು, ದಾರಿ ಪೂರ್ತಿ ಬೂದಿ ಬಣ್ಣದ ಆಕಾಶ. ನರಕ ಚತುರ್ದಶಿ ಬೆಳಿಗ್ಗೆ, ಎಣ್ಣೆ ಸ್ನಾನದ ಹೊತ್ತು. ಹೊರಗೆ ನೀರು ಹೆಪ್ಪುಗಟ್ಟೋ ಚಳಿ, ಶಿಕಾಗೋ ಕಡೆ ಹೋಗೋ ಮೊದಲನೇ ಟ್ರೈನ್ ಸದ್ದು. ಕಾರ್ಪೆಟ್‌ಗೆ ಎಣ್ಣೆ ಬೀಳಬಾರದು ಅಂತ ತಂಗಿ ಮಗಳು ಬಾತ್‌ರೂಮಿನ ಹೊರಗೂ ಒಳಗೂ ಹಳೇ ಟವಲ್ ಹಾಸಿದ್ಲು. ತಂಗಿ ಒಂದು ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತಿದ್ಲು, ಉಣ್ಣೆ ಟೋಪಿ ಹಾಕ್ಕೊಂಡು. ಎಣ್ಣೆ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತ ನನ್ನನ್ನ ನೋಡಿ ಟೋಪಿ ತೆಗೆದ್ಲು.

ಮುಂದಿನ ವಾರ ಸ್ಕ್ಯಾನು. ಕರಗಿದೆಯಾ, ಇಲ್ವಾ, ಬೇರೆ ಕಡೆ ಹೋಗಿದೆಯಾ, ಆಗ ಗೊತ್ತಾಗೋದು. ಮನೇಲಿ ಯಾರೂ ಆ ಮಾತೆತ್ತಲ್ಲ.

ಟೈಲ್ಸ್ ಮೇಲೆ ಏಳು ಹನಿ ಇಟ್ಟೆ. ಒಂದು ಹನಿ ಜಾರಿ ಇನ್ನೊಂದರ ಜೊತೆ ಸೇರ್ಕೊಂಡುಬಿಡ್ತು, ಆರಾಯ್ತು. ಅವಳು ನೋಡೋಷ್ಟರಲ್ಲಿ ಇನ್ನೊಂದು ಇಟ್ಟೆ. ನೆತ್ತಿಗೆ ಎಣ್ಣೆ ಇಟ್ರೆ ನಿಲ್ಲೋಕೆ ಕೂದಲೇ ಇಲ್ಲ, ಹಣೆ ಮೇಲೆ ಜಾರಿ ಬಂತು. ಎಳೇ ಮಗು ತಲೆ ಹಾಗಿತ್ತು. ಮೆತ್ತಗೆ ತಟ್ಟಿದೆ. ಕಿವಿ ಹಿಂದೆ ತಿಕ್ಕಿದೆ. ಕೈ ಕತ್ತಿನ ಹತ್ರ ಬಂದು ನಿಂತಿತು. ಅಲ್ಲಿಂದ ಕೆಳಗೆ ಇಳಿಸೋಕೆ ನನ್ನಿಂದ ಆಗ್ಲಿಲ್ಲ. ಬೆರಳಿಗೆ ಏನಾದ್ರೂ ಸಿಕ್ಕಿಬಿಟ್ರೆ?

"ನಂಗೆ ಅಳಿಸೋಕೆ ಬರ್ತಿತ್ತು ಕಣೇ," ಅಂದೆ. "ಬೇಕಂತಲೇ ಬಿಟ್ಟೆ. ನಿನ್ನ ತಲೆ ಮೇಲೆ ಮಾಡಿದ ಆಣೆ ಮುರಿದೆ. ಕೋಪ ಇದ್ಯಾ ಇನ್ನೂ?"

ಅವಳು ಕನ್ನಡೀಲಿ ತನ್ನ ಬೋಳು ತಲೆಯನ್ನೊಮ್ಮೆ, ಅದರ ಮೇಲಿದ್ದ ನನ್ನ ಕೈಯನ್ನೊಮ್ಮೆ ನೋಡಿದ್ಲು.

"ಆಣೆ ಮುರಿದ್ರೆ ತಲೇನೇ ಹೋಗುತ್ತೆ ಅಂತಿದ್ಲು ಅಮ್ಮ. ಬರೀ ಕೂದಲು ಹೋಯ್ತು, ಸೋವಿಗೇ ಬಿತ್ತು. ಬಾಯಿ ಸಾಕು ಅಕ್ಕ, ಕತ್ತಿಗೂ ತಿಕ್ಕು."